ಕೆಂಚುಗೂದಲು ನರೆಯುವಾಗ ಯಾವ ಬಣ್ಣ, ಎಷ್ಟು ಬಣ್ಣ?

ಪ್ರಶ್ನೆ: ನನಗೆ 47 ವರ್ಷ. ಹುಟ್ಟಿನಿಂದಲೇ ನನ್ನದು ಕೆಂಚುಗೂದಲು, ತಾಮ್ರದ ತಂತಿಯಂಥ ಬಣ್ಣ. ಎರಡು ವರ್ಷದಿಂದ ಹಣೆಯ ಇಬ್ಬದಿ ಮತ್ತು ಬೈತಲೆಯ ಉದ್ದಕ್ಕೂ ಬಿಳಿ ಕೂದಲು ಕಾಣಿಸುತ್ತಿದೆ. ಒಟ್ಟಾರೆ ಕಾಲು ಭಾಗ ಇರಬಹುದು. ಉಳಿದದ್ದೂ ಮೊದಲಿನಷ್ಟು ಕೆಂಪಾಗಿಲ್ಲ, ಮರಳಿನ ಬಣ್ಣಕ್ಕೆ ತಿರುಗಿದೆ. ಆರು ತಿಂಗಳ ಹಿಂದೆ ‘ಆಬರ್ನ್’ (ಕೆಂಗಂದು) ಎಂದು ಬರೆದಿದ್ದ ಡಬ್ಬಿಯೊಂದನ್ನು ತಂದು ಮನೆಯಲ್ಲೇ ಹಚ್ಚಿಕೊಂಡೆ. ಬಿಳಿ ಇದ್ದ ಕಡೆ ನೇರಳೆ ಬೆರೆತ ಗುಲಾಬಿಯಾಯಿತು, ಭುಜದವರೆಗಿನ ಉದ್ದವೆಲ್ಲ ಮಂಕು ಕಂದಾಯಿತು. ನನ್ನ ಇಪ್ಪತ್ತನೇ ವಯಸ್ಸಿನ ಫೋಟೋದಲ್ಲಿರುವ ಬಣ್ಣ ಮರಳಿ ಬರಬೇಕು. ಏನು ಹಚ್ಚಲಿ? ಮದರಂಗಿ ಸರಿಯೇ? ಅಥವಾ ಬಣ್ಣದ ಸಹವಾಸವೇ ಬೇಡವೇ?

ಉತ್ತರ: ಮೊದಲು ಆ ಫೋಟೋವನ್ನು ಎತ್ತಿಡಿ. ಕೆಂಚುಗೂದಲಿನವರು ಬಣ್ಣ ಹಚ್ಚಿಸಿಕೊಳ್ಳಲು ನನ್ನ ಕುರ್ಚಿಯಲ್ಲಿ ಕುಳಿತ ಕೂಡಲೇ ಹೊರತೆಗೆಯುವುದು ಹಳೆಯ ಫೋಟೋವನ್ನೇ. ಅದರಲ್ಲಿರುವ ಬಣ್ಣವನ್ನು ತಲೆಗೆ ತರುವುದು ಅಸಾಧ್ಯವೇನಲ್ಲ. ಆದರೆ ಆ ಬಣ್ಣ ಆಗಿನ ಮೈಬಣ್ಣಕ್ಕೆ, ಆಗಿನ ಹುಬ್ಬಿಗೆ ಹೊಂದಿಕೊಂಡಿತ್ತು. ಈಗ ಎರಡೂ ತಿಳಿಯಾಗಿವೆ. ಇವುಗಳ ಮೇಲೆ ಆ ಗಾಢ ತಾಮ್ರವನ್ನು ತಂದು ಕೂರಿಸಿದರೆ ಟೋಪಿ ಹಾಕಿಕೊಂಡಂತೆ ಕಾಣುತ್ತದೆ. ಅದಕ್ಕಿಂತ ಒಂದು ಮೆಟ್ಟಿಲು ತಿಳಿಯಾದ, ಹೊಂಬಣ್ಣದ ಕಡೆಗೆ ವಾಲಿದ ತಾಮ್ರವನ್ನು ಗುರಿಯಾಗಿಟ್ಟುಕೊಳ್ಳಿ. ನರೆಯನ್ನು ಪೂರ್ತಿ ಮುಚ್ಚಲೇಬೇಕೆಂಬ ಹಟವನ್ನೂ ಬಿಡಿ. ನನ್ನ ಸಲಹೆ ಇಷ್ಟೇ. ಮುಂದೆ ಬರುವುದೆಲ್ಲ ಅದರ ಕಾರಣ ಮತ್ತು ಅದನ್ನು ಮಾಡುವ ಬಗೆ.

ಕೂದಲಿಗೆ ಬಣ್ಣ ಕೊಡುವುದು ಮೆಲನಿನ್. ಅದರಲ್ಲಿ ಎರಡು ಬಗೆ: ಕಪ್ಪು-ಕಂದು ಕೊಡುವ ಯೂಮೆಲನಿನ್, ಹಳದಿ-ಕೆಂಪು ಕೊಡುವ ಫಿಯೊಮೆಲನಿನ್. ಕೆಂಚುಗೂದಲಿನಲ್ಲಿ ಎರಡನೆಯದರದೇ ಮೇಲುಗೈ. ಎಂಸಿ1ಆರ್ ಎಂಬ ಜೀನ್‌ನಲ್ಲಿ ಆಗುವ ಬದಲಾವಣೆಗಳು ಇದಕ್ಕೆ ಕಾರಣವೆಂದು 1995ರಲ್ಲಿ ತಿಳಿದುಬಂತು. ಜಗತ್ತಿನ ಜನಸಂಖ್ಯೆಯಲ್ಲಿ ಇಂಥ ಕೂದಲಿನವರು ನೂರಕ್ಕೆ ಒಬ್ಬರೋ ಇಬ್ಬರೋ ಅಷ್ಟೇ. ಬಣ್ಣದ ಡಬ್ಬಿಗಳ ಮೇಲಿನ ಸೂಚನೆಗಳೆಲ್ಲ ಉಳಿದ ತೊಂಬತ್ತೆಂಟು ಮಂದಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು ಎಂಬುದನ್ನು ನೆನಪಿಡಿ. ನಿಮ್ಮ ಅರ್ಧ ತೊಂದರೆ ಅಲ್ಲಿಂದಲೇ ಶುರುವಾಗಿದೆ.

ಕಪ್ಪು ಕೂದಲಿನ ನಡುವೆ ಒಂದು ಬಿಳಿ ಎಳೆ ಬಂದರೆ ಅದು ದೂರದಿಂದಲೇ ಎದ್ದು ಕಾಣುತ್ತದೆ; ನೂರು ಬಂದರೆ ತಲೆ ಬೂದಿ ಬಣ್ಣವಾಗುತ್ತದೆ. ಕೆಂಚುಗೂದಲಿನಲ್ಲಿ ಹೀಗಾಗುವುದಿಲ್ಲ. ಬುಡದಲ್ಲಿ ಬಣ್ಣ ತಯಾರಿಸುವ ಕೋಶಗಳು ಕಡಿಮೆಯಾಗುತ್ತಾ ಹೋದಂತೆ ತಾಮ್ರದ ಎಳೆ ಮೊದಲು ತಿಳಿ ತಾಮ್ರವಾಗುತ್ತದೆ, ಆಮೇಲೆ ಜೇನಿನ ಬಣ್ಣ, ಆಮೇಲೆ ಮರಳು, ಕೊನೆಗೆ ಬಿಳಿ. ಹಾಗಾಗಿ ಕೆಂಚುಗೂದಲಿನವರ ತಲೆ ಬೂದಿಗೆ ತಿರುಗುವುದು ಕಡಿಮೆ. ಕೆಂಪಿನಿಂದ ಹೊನ್ನಿಗೆ, ಹೊನ್ನಿನಿಂದ ಬೆಳ್ಳಿಗೆ ಇಳಿಯುತ್ತದೆ. ಕೆಂಚುಗೂದಲು ನರೆಯುವುದೇ ಇಲ್ಲ ಎಂಬ ಮಾತು ಹುಟ್ಟಿದ್ದೂ ಇದರಿಂದಲೇ ಇರಬೇಕು. ನರೆಯುತ್ತದೆ, ಆದರೆ ಸದ್ದಿಲ್ಲದೆ.

ಒಂದು ಸಣ್ಣ ಕೆಲಸ ಮಾಡಿ ನೋಡಿ. ಬಾಚಣಿಗೆಯಲ್ಲಿ ಉಳಿದ ಹತ್ತು ಹನ್ನೆರಡು ಕೂದಲನ್ನು ತೆಗೆದುಕೊಂಡು ಕಿಟಕಿಯ ಬಳಿ ಬಿಳಿ ಹಾಳೆಯ ಮೇಲೆ ಪಕ್ಕಪಕ್ಕದಲ್ಲಿ ಇಡಿ. ಎಲ್ಲವೂ ಒಂದೇ ಬಣ್ಣ ಎಂದುಕೊಂಡಿದ್ದವು ನಾಲ್ಕೈದು ಬಣ್ಣಗಳಾಗಿ ಒಡೆಯುತ್ತವೆ: ಒಂದು ಗಾಢ ತುಕ್ಕಿನ ಬಣ್ಣದ್ದು, ಎರಡು ಕಿತ್ತಳೆ, ಮೂರು ನಾಲ್ಕು ಹೊಂಬಣ್ಣ, ಒಂದೆರಡು ಬುಡದಲ್ಲಿ ಬಿಳಿ ತುದಿಯಲ್ಲಿ ತಾಮ್ರ. ಈಗ ಅದೇ ಎಳೆಗಳನ್ನು ಕಪ್ಪು ಹಾಳೆಯ ಮೇಲೆ ಇಡಿ. ಬಿಳಿ ಎಂದು ಕರೆಯುತ್ತಿದ್ದುದು ಬಿಳಿಯೇ ಅಲ್ಲ, ಗಾಜಿನ ಎಳೆಯಂತೆ ಪಾರಕ. ಅದರಲ್ಲಿ ಬಣ್ಣವೆಂಬುದು ಏನೂ ಇಲ್ಲ, ಬೆಳಕು ಚದುರಿ ನಮ್ಮ ಕಣ್ಣಿಗೆ ಬಿಳಿಯಾಗಿ ಕಾಣುತ್ತದೆ. ಈ ಹಾಳೆಯನ್ನು ಬಿಸಾಡಬೇಡಿ, ಮುಂದೆ ಬೇಕಾಗುತ್ತದೆ.

ನಿಮ್ಮ ಡಬ್ಬಿ ಏಕೆ ಕೈಕೊಟ್ಟಿತು ಎಂಬುದು ಈ ಹಾಳೆಯಲ್ಲೇ ಇದೆ. ಗಮನಿಸಿ, ಅಲ್ಲಿ ನೀಲಿ ಅಥವಾ ನೇರಳೆಯ ಛಾಯೆ ಇರುವ ಎಳೆ ಒಂದೂ ಇಲ್ಲ. ಹುಟ್ಟು ಕೆಂಚುಗೂದಲು ಯಾವಾಗಲೂ ಕಿತ್ತಳೆ ಮತ್ತು ಹಳದಿಯ ಬದಿಯಲ್ಲಿರುತ್ತದೆ. ಆದರೆ ಅಂಗಡಿಯಲ್ಲಿ ‘ಆಬರ್ನ್’, ‘ಮಹಾಗನಿ’, ‘ಬರ್ಗಂಡಿ’ ಎಂಬ ಹೆಸರಿನಲ್ಲಿ ಮಾರುವ ಬಣ್ಣಗಳಲ್ಲಿ ಬಹಳಷ್ಟಕ್ಕೆ ನೇರಳೆ ಬೆರೆತಿರುತ್ತದೆ. ಕಪ್ಪು ಅಥವಾ ಕಂದು ಕೂದಲಿನವರು ಹಚ್ಚಿದಾಗ ಅವರ ಕೂದಲೊಳಗಿನ ಕಿತ್ತಳೆಯ ಜೊತೆ ಆ ನೇರಳೆ ಬೆರೆತು ಸುಂದರವಾದ ಕೆಂಗಂದು ಬರುತ್ತದೆ. ನಿಮ್ಮ ಬಿಳಿ ಎಳೆಯಲ್ಲಿ ಬೆರೆಯಲು ಏನೂ ಇಲ್ಲದ ಕಾರಣ ಡಬ್ಬಿಯೊಳಗಿನ ಬಣ್ಣ ಇದ್ದಂತೆಯೇ ಕೂತುಕೊಂಡಿತು, ಗುಲಾಬಿ ಕಂಡಿತು. ಉದ್ದದ ಕಥೆ ಬೇರೆ: ಡಬ್ಬಿಯ ಬಣ್ಣ ನಿಮ್ಮ ಕೂದಲಿಗಿಂತ ಎರಡು ಮೂರು ಮೆಟ್ಟಿಲು ಗಾಢವಾಗಿತ್ತು, ಹಾಗಾಗಿ ತಾಮ್ರವನ್ನು ನುಂಗಿ ಹಾಕಿತು.

ಮೆಟ್ಟಿಲು ಎಂದರೇನೆಂದು ಹೇಳಿಬಿಡುತ್ತೇನೆ. ನಮ್ಮ ವೃತ್ತಿಯಲ್ಲಿ ಕೂದಲಿನ ಗಾಢತೆಯನ್ನು 1ರಿಂದ 10ರವರೆಗೆ ಎಣಿಸುತ್ತೇವೆ. 1 ಕಡುಕಪ್ಪು, 10 ಅತಿ ತಿಳಿ ಹೊಂಬಣ್ಣ. ಕೆಂಚುಗೂದಲು ಹೆಚ್ಚಾಗಿ 5ರಿಂದ 8ರ ನಡುವೆ ಇರುತ್ತದೆ. ಡಬ್ಬಿಯ ಮೇಲೆ 7.34 ಎಂಬಂಥ ಅಂಕೆ ಇದ್ದರೆ ಚುಕ್ಕಿಯ ಮೊದಲಿನದು ಈ ಗಾಢತೆ, ಚುಕ್ಕಿಯ ನಂತರದ್ದು ಛಾಯೆ. ಅನೇಕ ಕಂಪನಿಗಳಲ್ಲಿ 3 ಎಂದರೆ ಹೊನ್ನು, 4 ಎಂದರೆ ತಾಮ್ರ. ಆದರೆ ಎಲ್ಲರೂ ಒಂದೇ ಲೆಕ್ಕ ಇಟ್ಟುಕೊಂಡಿಲ್ಲ. ಒಬ್ಬರ 5 ಇನ್ನೊಬ್ಬರ 6 ಆಗಿರಬಹುದು. ಆದ್ದರಿಂದ ಅಂಕೆಯನ್ನು ನಂಬುವ ಮೊದಲು ಆ ಕಂಪನಿಯ ಛಾಯಾಪಟ್ಟಿಯನ್ನು ನೋಡಿ. ಹೆಸರನ್ನಂತೂ ನಂಬಲೇಬೇಡಿ. ಹೆಸರಿಡುವವರು ಬಣ್ಣ ಹಾಕುವವರಲ್ಲ.

ಈ ವಿಷಯದಲ್ಲಿ ನಾನೂ ಪೆಟ್ಟು ತಿಂದೇ ಕಲಿತದ್ದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಕೆಂಚುಗೂದಲಿನ ಮಹಿಳೆಯೊಬ್ಬರು ಬಂದಿದ್ದರು. ಹೆಚ್ಚುಕಡಿಮೆ ನಿಮ್ಮಷ್ಟೇ ನರೆ. ನರೆ ಮುಚ್ಚಬೇಕಾದರೆ ಬಣ್ಣಕ್ಕೆ ಅದೇ ಮೆಟ್ಟಿಲಿನ ಸಾದಾ ಕಂದನ್ನು ಬೆರೆಸಬೇಕೆಂದು ನಮಗೆ ಕಲಿಸಿದ್ದರು: ಕಾಲು ಭಾಗ ನರೆ ಇದ್ದರೆ ಕಾಲು ಭಾಗ ಸಾದಾ, ಅರ್ಧ ಇದ್ದರೆ ಅರ್ಧ. ನಾನು ಪಾಠ ಒಪ್ಪಿಸಿದಂತೆ ಬೆರೆಸಿದೆ. ಒಂದೇ ಒಂದು ಬಿಳಿ ಎಳೆ ಉಳಿಯಲಿಲ್ಲ, ನನಗೆ ಹೆಮ್ಮೆಯಾಯಿತು. ಅವರು ಕನ್ನಡಿಯಲ್ಲಿ ಬಹಳ ಹೊತ್ತು ನೋಡಿಕೊಂಡು, ‘ಚೆನ್ನಾಗಿದೆ, ಆದರೆ ಇದು ಯಾರ ತಲೆ?’ ಎಂದರು. ಅಳತೆ ತಪ್ಪಿರಲಿಲ್ಲ, ಕೆಂಚುಗೂದಲಿಗೆ ಸಾದಾ ಕಂದು ಬೆರೆಸಿದ್ದೇ ತಪ್ಪು. ಕಂದಿನೊಳಗೆ ನೀಲಿಯೂ ಇರುತ್ತದೆ, ಅದು ಕಿತ್ತಳೆಯನ್ನು ಕೊಲ್ಲುತ್ತದೆ. ಅಂದಿನಿಂದ ಕೆಂಚುಗೂದಲಿಗೆ ಆಧಾರವಾಗಿ ಸಾದಾ ಬಣ್ಣದ ಬದಲು ಹೊನ್ನಿನ ಛಾಯೆಯನ್ನೇ ಬೆರೆಸುತ್ತೇನೆ. ಬರೀ ತಾಮ್ರವನ್ನು ಹಚ್ಚಿದರೆ ಬಿಳಿ ಎಳೆ ಉರಿಯುವ ಕಿತ್ತಳೆಯಾಗುತ್ತದೆ. ಹೊನ್ನು ಅದನ್ನು ತಣಿಸುತ್ತದೆ, ಆದರೆ ಮಂಕು ಮಾಡುವುದಿಲ್ಲ.

ಇನ್ನು ನಿಮ್ಮ ತಲೆಗೆ ಏನು ಮಾಡಬೇಕೆಂದು ನೋಡೋಣ. ನೀವು ಕೊಟ್ಟ ವಿವರದಿಂದ ನಿಮ್ಮ ಈಗಿನ ಹುಟ್ಟು ಬಣ್ಣ 7ರ ಆಸುಪಾಸು ಇರಬೇಕು. ಹಚ್ಚಬೇಕಾದದ್ದು 8ರ ಹೊನ್ನು-ತಾಮ್ರ, ಛಾಯೆಯ ಅಂಕೆಗಳಲ್ಲಿ ಹೊನ್ನು ಮುಂದೆ ತಾಮ್ರ ಹಿಂದೆ. ಅದೂ ಶಾಶ್ವತ ಬಣ್ಣವಲ್ಲ, ಡೆಮಿ-ಪರ್ಮನೆಂಟ್ ಎನ್ನುವ ಅರೆಶಾಶ್ವತ ಬಣ್ಣ. ಇದರಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಬಹಳ ಕಡಿಮೆ ಇರುತ್ತದೆ, ಶೇ 2ರ ಹತ್ತಿರ. ಶಾಶ್ವತ ಬಣ್ಣಕ್ಕೆ ಸಾಮಾನ್ಯವಾಗಿ ಶೇ 6 ಬಳಸುತ್ತಾರೆ. ಕಡಿಮೆ ಪೆರಾಕ್ಸೈಡ್ ಎಂದರೆ ನಿಮ್ಮ ಸ್ವಂತ ತಾಮ್ರವನ್ನು ಅದು ಕರಗಿಸುವುದಿಲ್ಲ, ಇದ್ದಲ್ಲೇ ಬಿಡುತ್ತದೆ. ಬಿಳಿ ಎಳೆಗಳ ಮೇಲೆ ತೆಳುವಾಗಿ, ನೀರುಬಣ್ಣದಂತೆ ಕೂರುತ್ತದೆ. ಫಲವಾಗಿ ಬಿಳಿ ಎಳೆಗಳು ಹೊಂಬಣ್ಣದ ಎಳೆಗಳಾಗುತ್ತವೆ, ಕೆಂಚು ಎಳೆಗಳು ಕೆಂಚಾಗಿಯೇ ಉಳಿಯುತ್ತವೆ, ಹಾಳೆಯ ಮೇಲೆ ಕಂಡ ಆ ನಾಲ್ಕೈದು ಬಣ್ಣಗಳ ಬೆರಕೆ ತಲೆಯ ಮೇಲೆ ಉಳಿಯುತ್ತದೆ. ಇನ್ನೊಂದು ಲಾಭ: ಇಪ್ಪತ್ತು ಇಪ್ಪತ್ತೈದು ಸ್ನಾನಗಳಲ್ಲಿ ಇದು ಮೆಲ್ಲನೆ ಮಾಸುತ್ತದೆ, ಬುಡದಲ್ಲಿ ಗೀರು ಎಳೆದಂತೆ ಬಿಳಿ ಗೆರೆ ಕಾಣುವುದಿಲ್ಲ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಶಾಶ್ವತ ಬಣ್ಣ ಹಾಕಿಕೊಂಡವರು ಈ 1 ಸೆಂಟಿಮೀಟರಿನ ಗುಲಾಮರಾಗಿಬಿಡುತ್ತಾರೆ.

ನರೆ ಅರ್ಧಕ್ಕಿಂತ ಹೆಚ್ಚಾದಾಗ ಅರೆಶಾಶ್ವತ ಬಣ್ಣ ಸೋಲುತ್ತದೆ, ಆಗ ಶಾಶ್ವತ ಬಣ್ಣದ ಮಾತು. ಆ ಹಂತ ಬಂದಾಗಲೂ ಬುಡಕ್ಕೆ ಮಾತ್ರ ಶಾಶ್ವತ, ಉದ್ದಕ್ಕೆ ಅರೆಶಾಶ್ವತ. ಮುಕ್ಕಾಲು ದಾಟಿದ ಮೇಲೆ ನಾನು ಹೆಚ್ಚಾಗಿ ಬಣ್ಣ ಹಚ್ಚುವುದನ್ನೇ ಬಿಡುವ ದಾರಿಯನ್ನು ಸೂಚಿಸುತ್ತೇನೆ.

ಉದ್ದದಲ್ಲಿ ಉಳಿದಿರುವ ಆ ಮಂಕು ಕಂದಿನ ಬಗ್ಗೆ ಒಂದು ಕಹಿ ಸತ್ಯ. ಬಣ್ಣದ ಮೇಲೆ ಬಣ್ಣ ಹಚ್ಚಿ ತಿಳಿ ಮಾಡಲು ಆಗುವುದಿಲ್ಲ. 8ರ ಬಣ್ಣವನ್ನು 5ರ ಮೇಲೆ ಎಷ್ಟು ಹೊತ್ತು ಇಟ್ಟರೂ ಅದು 5 ಆಗಿಯೇ ಇರುತ್ತದೆ. ಆರು ತಿಂಗಳಲ್ಲಿ ನಿಮಗೆ 6-7 ಸೆಂಟಿಮೀಟರ್ ಹೊಸ ಕೂದಲು ಬಂದಿರುತ್ತದೆ. ಅದರ ಕೆಳಗಿನದು ಹಳೆಯ ಬಣ್ಣ ಹೊತ್ತಿದೆ. ಕತ್ತರಿಸಲು ಮನಸ್ಸಿದ್ದರೆ ಅದಕ್ಕಿಂತ ಸುಲಭದ ದಾರಿ ಇಲ್ಲ. ಇಲ್ಲವಾದರೆ ಬಣ್ಣ ಕಳಚುವ ದ್ರಾವಣಗಳಿವೆ. ಅವು ಬ್ಲೀಚ್ ಅಲ್ಲ. ಕೂದಲೊಳಗೆ ಹೆಣೆದುಕೊಂಡಿರುವ ಕೃತಕ ಬಣ್ಣದ ಕಣಗಳನ್ನು ಬಿಡಿಸಿ ಚಿಕ್ಕದು ಮಾಡಿ ತೊಳೆದುಹೋಗುವಂತೆ ಮಾಡುತ್ತವೆ. ಕೆಟ್ಟ ಮೊಟ್ಟೆಯ ವಾಸನೆ ಬರುತ್ತದೆ, ಸಹಿಸಿಕೊಳ್ಳಬೇಕು. ಇದರಲ್ಲಿ ಎಲ್ಲರೂ ಎಡವುವುದು ತೊಳೆಯುವುದರಲ್ಲಿ. ತಯಾರಕರು ಹೇಳಿದಷ್ಟು ಹೊತ್ತು, ಬೇಸರ ಬಂದರೂ ಬಿಡದೆ, ಹರಿಯುವ ನೀರಿನಲ್ಲಿ ತೊಳೆಯಬೇಕು. ಅರ್ಧಕ್ಕೆ ನಿಲ್ಲಿಸಿದರೆ ಒಳಗೆ ಉಳಿದ ಕಣಗಳು ಗಾಳಿಯ ಆಮ್ಲಜನಕದೊಂದಿಗೆ ಮತ್ತೆ ಸೇರಿ ಮರುದಿನವೇ ಕಂದು ಮರಳುತ್ತದೆ. ಈ ಒಂದು ಕೆಲಸವನ್ನು ಮಾತ್ರ ಅನುಭವಿಗಳ ಕೈಯಲ್ಲಿ ಮಾಡಿಸಿಕೊಂಡರೆ ಒಳ್ಳೆಯದು.

ಈಗ ಮೊದಲು ಹೇಳಿದ ಹಾಳೆಗೆ ಬನ್ನಿ. ಬಾಚಣಿಗೆಯಲ್ಲಿ ಬಂದ ಕೂದಲನ್ನು ಒಂದೆರಡು ವಾರ ಕೂಡಿಡಿ, ಬಿಳಿಯನ್ನೂ ಕೆಂಚನ್ನೂ. ಪೆನ್ಸಿಲಿನ ಕಡ್ಡಿಯಷ್ಟು ದಪ್ಪವಾದಾಗ ಒಂದು ತುದಿಗೆ ದಾರ ಕಟ್ಟಿ, ಆ ಪುಟ್ಟ ಜುಟ್ಟಿನ ಮೇಲೆ ಬಣ್ಣ ಹಚ್ಚಿ ನೋಡಿ. ತಟ್ಟೆಯಲ್ಲಿ ಬಣ್ಣದ ಪೇಸ್ಟ್ ಹೇಗೆ ಕಾಣುತ್ತದೆ ಎಂಬುದಕ್ಕೂ ಕೂದಲಿನ ಮೇಲೆ ಹೇಗೆ ಬರುತ್ತದೆ ಎಂಬುದಕ್ಕೂ ಸಂಬಂಧವಿಲ್ಲ. ಗಾಢ ಕಂದಾಗಿ ಹೆದರಿಸುವ ಪೇಸ್ಟ್ ತೊಳೆದ ಮೇಲೆ ತಿಳಿ ಹೊನ್ನು ಕೊಡಬಹುದು. ತೊಳೆದು, ಪೂರ್ತಿ ಒಣಗಿಸಿ, ಹಗಲು ಬೆಳಕಿನಲ್ಲಿ ನೋಡಿ. ಹಳದಿ ಬಲ್ಬಿನ ಕೆಳಗೆ ಎಲ್ಲ ತಾಮ್ರವೂ ಚೆನ್ನಾಗಿಯೇ ಕಾಣುತ್ತದೆ. ಉದುರಿದ ಕೂದಲಿಗೆ ನೆತ್ತಿಯ ಬಿಸಿ ಇರುವುದಿಲ್ಲವಾದ್ದರಿಂದ ಅದರಲ್ಲಿ ಬಂದುದಕ್ಕಿಂತ ತಲೆಯ ಮೇಲೆ ಬುಡದಲ್ಲಿ ಕೊಂಚ ಹೊಳಪು ಹೆಚ್ಚೇ ಬರುತ್ತದೆ ಎಂದು ಲೆಕ್ಕ ಹಾಕಿಕೊಳ್ಳಿ. ಬುಡ ಉರಿಯುವ ಕಿತ್ತಳೆಯಾಗಿ, ಉದ್ದ ಸಪ್ಪೆಯಾಗಿ ಉಳಿಯುವುದಕ್ಕೆ ಆ ಬಿಸಿಯೂ ಒಂದು ಕಾರಣ.

ಹಚ್ಚುವಾಗ ಬಿಳಿ ಹೆಚ್ಚಿರುವ ಕಡೆಯಿಂದ, ಅಂದರೆ ನಿಮಗೆ ಹಣೆಯ ಇಬ್ಬದಿಯಿಂದ, ಶುರುಮಾಡಿ. ಬಿಳಿ ಎಳೆ ಹಟಮಾರಿ; ಅದರ ಹೊರಪದರದ ಹುರುಪೆಗಳು ಒತ್ತಾಗಿ ಮುಚ್ಚಿಕೊಂಡಿದ್ದು ಬಣ್ಣ ಸುಲಭವಾಗಿ ಒಳಗಿಳಿಯುವುದಿಲ್ಲ. ಅದರಲ್ಲೂ ಕೆಂಚುಗೂದಲಿನ ಎಳೆ ಹೊಂಗೂದಲಿಗಿಂತ ದಪ್ಪ. ಕೆಂಚುಗೂದಲಿನವರ ತಲೆಯ ಮೇಲೆ ಒಟ್ಟು ಸುಮಾರು 90 ಸಾವಿರ ಎಳೆ ಇದ್ದರೆ ಹೊಂಗೂದಲಿನವರಿಗೆ ಒಂದೂವರೆ ಲಕ್ಷದವರೆಗೆ ಇರುತ್ತದೆ ಎಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ. ಎಣಿಕೆಯಲ್ಲಿ ಕಡಿಮೆಯಾದದ್ದನ್ನು ದಪ್ಪದಲ್ಲಿ ತುಂಬಿಕೊಂಡಿದೆ. ಹಾಗಾಗಿ ಆ ಭಾಗಕ್ಕೆ ಬಣ್ಣವನ್ನು ಧಾರಾಳವಾಗಿ, ತೆಳ್ಳನೆಯ ಪದರಗಳಾಗಿ ಕೂದಲು ಬಿಡಿಸಿಕೊಂಡು ಹಚ್ಚಿ. ಪೊಟ್ಟಣದ ಮೇಲೆ ಬರೆದ ಹೊತ್ತಿಗಿಂತ ಮೊದಲೇ ತೊಳೆಯಬೇಡಿ. ಕೆಂಪು ಹೆಚ್ಚಾಗಿಬಿಡುತ್ತದೆಂಬ ಭಯದಿಂದ ಹತ್ತು ನಿಮಿಷಕ್ಕೇ ಸ್ನಾನದ ಮನೆಗೆ ಓಡುವವರನ್ನು ಕಂಡಿದ್ದೇನೆ. ಬಣ್ಣ ಪೂರ್ತಿ ಬೆಳೆಯದೆ ವಾರದೊಳಗೆ ತೊಳೆದುಹೋಗುತ್ತದೆ, ಅಷ್ಟೇ ಲಾಭ. ಎರಡನೆಯ ಸಲದಿಂದ ಬುಡಕ್ಕೆ ಮಾತ್ರ ಹಚ್ಚಿ, ಕೊನೆಯ ಐದು ನಿಮಿಷ ಮಾತ್ರ ಉದ್ದಕ್ಕೆ ಬಾಚಿಕೊಳ್ಳಿ. ಪ್ರತಿ ಸಲವೂ ಬುಡದಿಂದ ತುದಿಯವರೆಗೆ ಹಚ್ಚುತ್ತಾ ಹೋದರೆ ಪದರದ ಮೇಲೆ ಪದರ ಕೂತು ತುದಿ ಕಪ್ಪಾಗುತ್ತದೆ.

ಮದರಂಗಿ ಸರಿಯೇ ಎಂದು ಕೇಳಿದ್ದೀರಿ. ಕೆಂಚುಗೂದಲಿಗೂ ಮದರಂಗಿಗೂ ಇರುವಷ್ಟು ಒಳ್ಳೆಯ ಹೊಂದಾಣಿಕೆ ಬೇರೆ ಯಾವ ಕೂದಲಿಗೂ ಇಲ್ಲವೆಂದೇ ನನ್ನ ಅಭಿಪ್ರಾಯ. ಎಲೆಯಲ್ಲಿರುವ ಲಾಸೋನ್ ಎಂಬ ಕಿತ್ತಳೆ-ಕೆಂಪು ಅಣು ಕೂದಲಿನ ಕೆರಾಟಿನ್ ಎಂಬ ಪ್ರೋಟೀನಿಗೆ ನೇರವಾಗಿ ಅಂಟಿಕೊಳ್ಳುತ್ತದೆ. ಒಳಗಿನ ಬಣ್ಣವನ್ನು ಅದು ಮುಟ್ಟುವುದಿಲ್ಲ, ತೆಳು ಗಾಜಿನಂತೆ ಮೇಲೆ ಕೂರುತ್ತದೆ. ಬಿಳಿ ಎಳೆ ಮೊದಲ ದಿನ ಗಾಬರಿಯಾಗುವಷ್ಟು ಕಿತ್ತಳೆಯಾಗಿ ಕಾಣುತ್ತದೆ. ಎರಡು ಮೂರು ದಿನ ಗಾಳಿಗೆ ಒಡ್ಡಿಕೊಂಡ ಮೇಲೆ ಇಳಿದು ತಾಮ್ರವಾಗುತ್ತದೆ. ಕೆಂಚು ಎಳೆಗಳ ನಡುವೆ ಈ ತಾಮ್ರ ಎಳೆಗಳು ಹುಟ್ಟಿನಿಂದ ಬಂದವೇ ಎಂಬಂತೆ ಇರುತ್ತವೆ.

ಆದರೂ ಮೊದಲ ಆಯ್ಕೆಯಾಗಿ ನಿಮಗೆ ಅದನ್ನು ಹೇಳುವುದಿಲ್ಲ. ನಿಮ್ಮ ಉದ್ದದಲ್ಲಿ ಹಳೆಯ ಕಂದು ಉಳಿದಿದೆ. ಅದರ ಮೇಲೆ ಮದರಂಗಿ ಕೂತರೆ ಮುಂದೆ ಬಣ್ಣ ಕಳಚುವ ದ್ರಾವಣ ಮದರಂಗಿಯನ್ನು ಬಿಡಿಸಲಾರದು. ಮದರಂಗಿ ಬಂದ ದಾರಿಯಲ್ಲಿ ಹಿಂತಿರುಗುವುದಿಲ್ಲ. ಬೆಳೆದು ಹೋಗಬೇಕು ಅಥವಾ ಕತ್ತರಿಸಬೇಕು. ಮುಂದೊಂದು ದಿನ ಬಣ್ಣ ಬಿಟ್ಟು ಬೆಳ್ಳಿಗೂದಲಿಗೆ ಹೋಗುವ ಯೋಚನೆ ಇದ್ದರೆ ಇದನ್ನು ತೂಗಿ ನೋಡಿ. ಹಳೆಯ ಉದ್ದವನ್ನು ಕತ್ತರಿಸಿದ ಮೇಲೆ, ತಾಮ್ರದಲ್ಲೇ ಉಳಿಯುತ್ತೇನೆ ಎಂಬ ತೀರ್ಮಾನ ಗಟ್ಟಿಯಾದ ಮೇಲೆ, ಧಾರಾಳವಾಗಿ ಹಚ್ಚಿಕೊಳ್ಳಿ.

ಹಚ್ಚುವುದಾದರೆ ಪೊಟ್ಟಣದ ಮೇಲಿನ ಪಟ್ಟಿಯಲ್ಲಿ ಒಂದೇ ಹೆಸರಿರಬೇಕು: ಲಾಸೋನಿಯಾ ಇನರ್ಮಿಸ್. ‘ಕಪ್ಪು ಮದರಂಗಿ’, ‘ಬರ್ಗಂಡಿ ಮದರಂಗಿ’ ಎಂಬಂಥವುಗಳಲ್ಲಿ ರಾಸಾಯನಿಕ ಬಣ್ಣವೋ, ಲೋಹದ ಲವಣವೋ ಬೆರೆತಿರಬಹುದು. ಲೋಹದ ಲವಣ ಹತ್ತಿದ ಕೂದಲಿಗೆ ಮುಂದೆ ಪೆರಾಕ್ಸೈಡ್ ತಗುಲಿದರೆ ಕೂದಲು ಬಿಸಿಯಾಗಿ, ಹೊಗೆಯಾಡಿ, ಮುರಿದು ಬೀಳುವುದುಂಟು. ಶುದ್ಧ ಪುಡಿಯನ್ನು ಉಗುರು ಬೆಚ್ಚಗಿನ ನೀರಿನಲ್ಲಿ, ಸ್ವಲ್ಪ ಹುಳಿ ಬೆರೆಸಿ ಗಟ್ಟಿ ಮೊಸರಿನ ಹದಕ್ಕೆ ಕಲಸಿ ಎಂಟರಿಂದ ಹನ್ನೆರಡು ಗಂಟೆ ಮುಚ್ಚಿಡಿ. ಹದವಾಯಿತೇ ಎಂದು ತಿಳಿಯಲು ಅಂಗೈಗೆ ಒಂದು ಚುಕ್ಕಿ ಇಟ್ಟು ಐದು ನಿಮಿಷ ಬಿಟ್ಟು ಒರೆಸಿ. ಕಿತ್ತಳೆ ಗುರುತು ಉಳಿದರೆ ಸಿದ್ಧ. ನಿಮ್ಮಷ್ಟು ತಿಳಿಯಾದ ಕೂದಲಿಗೆ ಮದರಂಗಿಯೊಂದೇ ಗಾಢವಾಗಬಹುದು. ‘ಬಣ್ಣವಿಲ್ಲದ ಮದರಂಗಿ’ ಎಂದು ಮಾರುವ ಕ್ಯಾಸಿಯಾ ಒಬೊವಾಟಾ ಎಲೆಯ ಪುಡಿ ಬಿಳಿ ಕೂದಲಿಗೆ ತೆಳು ಹೊನ್ನು ಕೊಡುತ್ತದೆ. ಮೂರು ಪಾಲು ಅದು, ಒಂದು ಪಾಲು ಮದರಂಗಿ ಎಂದು ಶುರುಮಾಡಿ, ಪುಟ್ಟ ಜುಟ್ಟಿನ ಮೇಲೆ ನೋಡಿಕೊಂಡು ಪಾಲು ಬದಲಿಸಿ. ಎರಡು ಮೂರು ಗಂಟೆ ಇಟ್ಟುಕೊಂಡರೆ ಸಾಕು. ಎರಡು ವಾರಕ್ಕೊಮ್ಮೆ ತಲೆಪೂರ್ತಿ ಮದರಂಗಿ ಮೆತ್ತಿಕೊಳ್ಳುತ್ತಿದ್ದವರೊಬ್ಬರ ತುದಿಗೂದಲು ವರ್ಷ ತುಂಬುವಷ್ಟರಲ್ಲಿ ಒಣಗಿದ ರಕ್ತದ ಬಣ್ಣಕ್ಕೆ ತಿರುಗಿದ್ದನ್ನು ನೋಡಿದ್ದೇನೆ. ಇಲ್ಲೂ ಬುಡಕ್ಕೆ ಮಾತ್ರ ಎಂಬ ನಿಯಮವೇ. ಕಂದು ಬರಲೆಂದು ನೀಲಿ (ಇಂಡಿಗೊ) ಗಿಡದ ಎಲೆಯ ಪುಡಿಯನ್ನು ಬೆರೆಸುವ ಗೋಜಿಗೆ ನೀವು ಹೋಗಲೇಬೇಡಿ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರಿಗೆ ಮದರಂಗಿ ರಕ್ತಕಣಗಳನ್ನು ಒಡೆಯುವ ಅಪಾಯವಿದೆ, ಅವರು ದೂರವಿರಬೇಕು.

ಅಲರ್ಜಿಯ ಮಾತು ಬೇಸರ ತರಿಸುತ್ತದೆ, ಆದರೂ ಬಿಡುವಂತಿಲ್ಲ. ಶಾಶ್ವತ ಮತ್ತು ಅರೆಶಾಶ್ವತ ಬಣ್ಣಗಳಲ್ಲಿ ಪಿಪಿಡಿ ಎಂಬ, ಅಲರ್ಜಿ ತರಬಲ್ಲ ರಾಸಾಯನಿಕ ಅಥವಾ ಅದರ ಬಂಧುವೊಂದು ಇದ್ದೇ ಇರುತ್ತದೆ ಎಂದುಕೊಳ್ಳಿ. ‘ಅಮೋನಿಯಾ ಇಲ್ಲ’ ಎಂಬ ಬರಹ ಕಂಡು ನಿರಾಳರಾಗಬೇಡಿ: ಅಮೋನಿಯಾದ ಬದಲು ವಾಸನೆ ಬಾರದ ಇನ್ನೊಂದು ಕ್ಷಾರ ಹಾಕಿರುತ್ತಾರೆ, ಅಲರ್ಜಿ ತರುವ ವಸ್ತು ಹಾಗೆಯೇ ಇರುತ್ತದೆ. ಪೊಟ್ಟಣದಲ್ಲಿ ಹೇಳಿದಂತೆ 48 ಗಂಟೆ ಮೊದಲು ಚರ್ಮದ ಮೇಲೆ ಪರೀಕ್ಷೆ ಮಾಡಿ. ಹಿಂದೊಮ್ಮೆ ಏನೂ ಆಗಿರಲಿಲ್ಲ ಎಂಬುದು ಈ ಸಲಕ್ಕೆ ಭರವಸೆಯಲ್ಲ. ಈ ಅಲರ್ಜಿ ಹಲವು ಸಲ ಹಚ್ಚಿದ ಮೇಲೂ ಹುಟ್ಟಬಹುದು. ಉರಿ, ಊತ, ಗುಳ್ಳೆ ಕಂಡರೆ ಆ ಬಣ್ಣ ನಿಮಗಲ್ಲ, ಚರ್ಮವೈದ್ಯರನ್ನು ಕಾಣಿ.

ಹಚ್ಚಿದ ಬಣ್ಣಗಳಲ್ಲಿ ಎಲ್ಲಕ್ಕಿಂತ ಬೇಗ ಓಡಿಹೋಗುವುದು ಕೆಂಪು-ತಾಮ್ರ. ಇದಕ್ಕೆ ಶಾಂಪೂವನ್ನು ಬೈಯುತ್ತೇವೆ, ಆದರೆ ಬರೀ ನೀರೂ ಸಾಕು: ನೀರು ಕುಡಿದ ಕೂದಲು ಉಬ್ಬುತ್ತದೆ, ಬಣ್ಣದ ಕಣಗಳು ಜಾರಿಕೊಳ್ಳುತ್ತವೆ. ತಲೆಸ್ನಾನದ ಸಂಖ್ಯೆ ಕಡಿಮೆ ಮಾಡುವುದು ಯಾವ ದುಬಾರಿ ಶಾಂಪೂಗಿಂತಲೂ ಹೆಚ್ಚು ಉಳಿಸುತ್ತದೆ. ನೀರು ತಣ್ಣಗಿರಲೇಬೇಕೆಂದಿಲ್ಲ, ಸುಡದಿದ್ದರೆ ಸಾಕು. ಬಿಸಿಲು ಹುಟ್ಟು ತಾಮ್ರವನ್ನೂ ಹಚ್ಚಿದ ತಾಮ್ರವನ್ನೂ ತಿನ್ನುತ್ತದೆ. ಬೈತಲೆಯ ಚರ್ಮಕ್ಕೂ ಒಳ್ಳೆಯದಾದ್ದರಿಂದ ಟೋಪಿಯೋ ಬಟ್ಟೆಯೋ ಇರಲಿ. ಈಜುಕೊಳಕ್ಕೆ ಇಳಿಯುವ ಮುನ್ನ ತಲೆಯನ್ನು ಸಾದಾ ನೀರಿನಲ್ಲಿ ನೆನೆಸಿಕೊಂಡರೆ ಕ್ಲೋರಿನ್ ಹೀರುವುದು ಕಡಿಮೆಯಾಗುತ್ತದೆ. ವಾರಕ್ಕೊಮ್ಮೆ ತಾಮ್ರದ ಛಾಯೆ ಬಿಡುವ ಕಂಡೀಷನರ್ ಹತ್ತು ನಿಮಿಷ ಇಟ್ಟುಕೊಂಡರೆ ಮಾಸಿದ ಬಣ್ಣ ಮತ್ತೆ ಏರುತ್ತದೆ. ನಿಜ ಹೇಳಬೇಕೆಂದರೆ, ನಿಮ್ಮಷ್ಟು ನರೆ ಇರುವ ಕೆಲವರಿಗೆ ಆ ಕಂಡೀಷನರ್ ಒಂದೇ ಸಾಕಾಗುತ್ತದೆ. ಬೇರೆ ಬಣ್ಣವೇ ಬೇಕಾಗುವುದಿಲ್ಲ. ಹೊಸ ಬುಡಕ್ಕೆ ಮೊದಲು ಅದನ್ನೇ ಒಂದು ತಿಂಗಳು ಪ್ರಯತ್ನಿಸಿ ನೋಡಿದರೆ ನಷ್ಟವೇನೂ ಇಲ್ಲ.

ನರೆಗೂದಲಿನವರಿಗೆಂದು ಮಾರುವ ನೇರಳೆ ಶಾಂಪೂ ಮಾತ್ರ ನಿಮ್ಮ ಸ್ನಾನದ ಮನೆಗೆ ಕಾಲಿಡದಿರಲಿ. ಅದು ಬಿಳಿ ಕೂದಲಿನ ಹಳದಿಯನ್ನು ತೆಗೆಯಲು ಮಾಡಿದ್ದು. ನಿಮಗೆ ಬೇಕಾಗಿರುವುದೇ ಆ ಹಳದಿ. ನೀಲಿ ಶಾಂಪೂ ಇನ್ನೂ ಕೆಟ್ಟದ್ದು, ಅದು ನೇರವಾಗಿ ಕಿತ್ತಳೆಯ ಮೇಲೇ ಬೀಳುತ್ತದೆ.

ಹುಬ್ಬು. ಕೆಂಚುಗೂದಲಿನವರ ಹುಬ್ಬು ಮೊದಲೇ ತಿಳಿ, ನರೆತ ಮೇಲೆ ಇಲ್ಲವೇ ಇಲ್ಲ ಎಂಬಂತಾಗುತ್ತದೆ. ತಲೆಗೆ ಹಚ್ಚಿ ಉಳಿದದ್ದನ್ನು ಹುಬ್ಬಿಗೆ ಸವರಿಕೊಳ್ಳುವ ಆಸೆ ಬರುತ್ತದೆ. ಬೇಡ, ಕಣ್ಣಿಗೆ ಹೋದರೆ ಅನಾಹುತ. ಪೆನ್ಸಿಲ್ ಸಾಕು, ಕಂದಲ್ಲ, ಮಣ್ಣಿನ ಹೊಂಬಣ್ಣದ್ದು, ತಲೆಗೂದಲಿಗಿಂತ ಒಂದು ಎಳೆ ತಿಳಿಯಾದದ್ದು.

ಬಣ್ಣವೇ ಬೇಡವೇ ಎಂದು ಕೊನೆಯಲ್ಲಿ ಕೇಳಿದ್ದೀರಿ. ಬೇಡವೆನ್ನುವುದಾದರೆ ನಿಮ್ಮಷ್ಟು ಸುಲಭವಾಗಿ ಬಿಡಬಲ್ಲವರು ಯಾರೂ ಇಲ್ಲ. ಕಪ್ಪು ಬಣ್ಣ ಹಚ್ಚುತ್ತಿದ್ದವರು ನಿಲ್ಲಿಸಿದರೆ ಕಪ್ಪು-ಬಿಳುಪಿನ ಗಡಿರೇಖೆಯನ್ನು ವರ್ಷಗಟ್ಟಲೆ ಹೊತ್ತು ತಿರುಗಬೇಕು. ನಿಮಗೆ ನಡುವೆ ಹೊಂಬಣ್ಣದ ಸೇತುವೆಯಿದೆ. ಇಂದು 8ರ ಹೊನ್ನು-ತಾಮ್ರ ಹಚ್ಚಿದರೆ, ಒಂದೆರಡು ವರ್ಷ ಬಿಟ್ಟು ತಾಮ್ರವನ್ನು ಇಳಿಸಿ 9ರ ಹೊನ್ನು, ಆಮೇಲೆ ಇನ್ನೂ ತೆಳುವಾದದ್ದು, ಆಮೇಲೆ ಬರೀ ಹೊಳಪು ಕೊಡುವ ಬಣ್ಣವಿಲ್ಲದ ಲೇಪ. ಒಬ್ಬರಿಗೆ ಹೀಗೆ ಆರು ವರ್ಷ ಇಳಿಸುತ್ತಾ ಬಂದೆ. ಕೊನೆಯ ಸಲ ಅವರು ಬಂದಾಗ ಬಟ್ಟಲಿನಲ್ಲಿ ಬಣ್ಣವೇ ಇರಲಿಲ್ಲ, ಬರೀ ಕಂಡೀಷನರ್ ಇತ್ತು. ಅದನ್ನು ಹೇಳಿದ ಮೇಲೂ ಅವರು, ಈ ಸಲದ ಬಣ್ಣ ಚೆನ್ನಾಗಿ ಬಂದಿದೆ ಎಂದರು.